ಮಾವನ ಕರೆಂಟಿನ ಒಲೆ

ನಮ್ಮ ಸೋದರಮಾವನ ಕೈಗೆ ಸಿಕ್ಕ ಯಾವ ಲೋಹವೂ ಗಟ್ಟಿಯಾಗಿ ಉಳಿದ ಇತಿಹಾಸವಿಲ್ಲ! ನಿಮ್ಮ ಮನೆಯಲ್ಲಿ ಹಿತ್ತಾಳೆಯ ಚೊಂಬಿದ್ದರೆ, ಅವನು ಬಂದಾಗ ಸ್ಟೀಲಿನ ಲೋಟದಲ್ಲಿ ನೀರು ಕೊಡಿ. ಸ್ಟೀಲಿಗೂ ನಾನು ಗ್ಯಾರಂಟಿ ಕೊಡಲಾರೆ. ಗಾಜಾದರೆ ಕ್ಷೇಮ ಎನ್ನುತ್ತೀರಾ? ಅದನ್ನೂ ಕರಗಿಸಿ ನೋಡಿದ್ದಾನೆ.

ಮಾವ ರೋಣದಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಲೇ ಮುದುಕನಾದವನು. ಅತ್ತೆ ತೀರಿಕೊಂಡ ವರ್ಷ ಅಂಗಡಿ ಮುಚ್ಚಿ ಮನೆ ಸೇರಿದ. ಅತ್ತೆ ಮಾತುಗಾರ್ತಿ, ಓಣಿಯ ಹೆಂಗಸರೆಲ್ಲ ಸಂಜೆ ಅವಳ ಕಟ್ಟೆಯ ಮೇಲೇ ಇರುತ್ತಿದ್ದರು. ಅವಳು ಹೋದಮೇಲೆ ಯಾರು ಬರುತ್ತಾರೆ? ಮಾವನಿಗೋ ಯಾರನ್ನೂ ಕರೆದು ಕೂರಿಸಿ ಗೊತ್ತಿಲ್ಲ. "ಮನ್ಯಾಗ ಒಂದು ದನಿ ಇಲ್ಲವ್ವಾ, ಕುಂದ್ರಾಕ ಆಗವಲ್ದು" ಎಂದು ಫೋನಿನಲ್ಲಿ ಹೇಳಿದ. ನರಗುಂದದ ಶಾಲೆಯಲ್ಲಿ ಕಲಿಸುವ ನನಗೆ ಬುದ್ಧಿ ಹೇಳುವುದು ರೂಢಿ ನೋಡಿ, "ಟಿವಿ ಹಚ್ಚು ಮಾಮಾ" ಎಂದೆ.

ಅವನು ಟಿವಿ ಹಚ್ಚಲಿಲ್ಲ, ಒಲೆ ಹೂಡಿದ. ತಾನೇ ತಂತಿ ಸುತ್ತಿದ ಒಂದು ದಪ್ಪ ಟ್ರಾನ್ಸ್‌ಫಾರ್ಮರ್, ಬೆಂಕಿಗೆ ಜಗ್ಗದ ಇಟ್ಟಿಗೆಯಲ್ಲಿ ಕೊರೆದ ಒಂದು ಗುಳಿ, ಎರಡೂ ಬದಿಯಿಂದ ತೂರಿಸಿದ ಎರಡು ಕರಿಕಡ್ಡಿ. ಕಡ್ಡಿ ಎಲ್ಲಿಯವು? ಸತ್ತ ಬ್ಯಾಟರಿ ಶೆಲ್ಲುಗಳ ಹೊಟ್ಟೆಯೊಳಗಿನವು! ತುದಿಗೆ ತುದಿ ತಾಕಿಸಿ ತುಸು ಹಿಂದಕ್ಕೆಳೆದರೆ ನಡುವೆ ಕಣ್ಣು ಕುಕ್ಕುವ ಬೆಳಕು ಹತ್ತಿಕೊಳ್ಳುತ್ತದೆ, ಗುಳಿಯೊಳಗಿನ ಮೊಳೆ ಬೆಣ್ಣೆಯಾಗುತ್ತದೆ. ಮಾವ ವೆಲ್ಡಿಂಗಿನ ಕರಿಗಾಜು ಹಿಡಿದು ಅದನ್ನೇ ನೋಡುತ್ತ ಕೂರುತ್ತಾನೆ.

ಮೊದಲ ದಿನ ಕರಗಿದ್ದು ಒಂದು ಹಳೆಯ ಕೀಲಿಕೈ. ಯಾವುದರದ್ದು ಎಂದು ತಿಳಿದದ್ದು ಮರುದಿನ ಬೆಳಿಗ್ಗೆ, ಸ್ನಾನವಾದ ಮೇಲೆ. ಅದು ಬಟ್ಟೆಯ ಕಪಾಟಿನದು! ಕೀಲಿ ಒಡೆಯುವವನು ಸಿಗುವವರೆಗೆ ಮೂರು ದಿನ ರೋಣದ ಬಜಾರವೆಲ್ಲ ಮಾವನ ಲುಂಗಿಯ ದರ್ಶನ ಪಡೆಯಿತು.

ಅಬ್ಬಿಗೇರಿಯ ಮದುವೆಯೊಂದರಲ್ಲಿ ಊಟ ಬಿಟ್ಟು ತಾಮ್ರದ ಹಂಡೆಯ ಸುತ್ತ ಮೂರು ಸಲ ಸುತ್ತಿದ. ಹೆಣ್ಣಿನ ತಂದೆ ಗಾಬರಿಯಾಗಿ "ಏನ್ ಬೇಕಾಗಿತ್ರೀ?" ಎಂದರೆ "ಏನಿಲ್ರಿ, ಇದು ನನ್ನ ಒಲ್ಯಾಗ ಹಿಡಸತೈತೋ ಇಲ್ಲೋ ನೋಡಾಕತ್ತಿದ್ನಿ" ಎಂದ. ಆ ಮನೆಯವರು ಮುಂದಿನ ಮದುವೆಗೆ ಕರೆದದ್ದು ಹೀಗೆ: "ತಪ್ಪದ ಬರ್ರಿ. ಹಂಡೇ ಕಡೆ ಮಾತ್ರ ಹೋಗಬ್ಯಾಡ್ರಿ."

ಒಲೆ ಹತ್ತಿದೊಡನೆ ಓಣಿಯ ದೀಪಗಳೆಲ್ಲ ಮಂಕಾಗುತ್ತಿದ್ದವು. ಮಾವ ಹಚ್ಚುತ್ತಿದ್ದುದೂ ಸರಿಯಾಗಿ ಸಂಜೆ ಧಾರಾವಾಹಿಯ ಹೊತ್ತಿಗೇ! ಎದುರು ಮನೆಯಲ್ಲಿ ಹೊಲಿಗೆ ಹಾಕುವ ಬೀಬಿಜಾನ್ ಚಾಚಿ ಎಲ್ಲರಿಗಿಂತ ಮುಂದೆ ಓಡಿ ಬರುತ್ತಿದ್ದಳು.

"ಏನ್ರಿ ಕಾಕಾರ, ನಿಮ್ಮ ಒಲಿ ಹತ್ತಿದ ಕೂಡ್ಲೇ ನನ್ನ ಮಷಿನ್ ಕುಂಟತೈತಿ! ನಾ ಜಂಪರ್ ಹ್ಯಾಂಗ ಹೊಲೀಲಿ?"

"ಖರೇ ಐತವಾ, ತಪ್ಪು ನಂದ. ಕುಂದರ, ಚಾ ಕುಡಿ."

"ಚಾ ಬ್ಯಾಡ್ರಿ, ಮೊದಲ ಒಲಿ ಬಂದ್ ಮಾಡ್ರಿ!"

"ಬಂದ್ ಮಾಡ್ತೀನಿ. ಆದ್ರ ಕುಂತು ಬೈಯವಾ, ನಿಂತು ಬೈದ್ರ ಕಾಲು ನೋಯ್ತಾವು."

ಅಷ್ಟರಲ್ಲಿ ಉಳಿದವರೂ ಸೇರುತ್ತಿದ್ದರು. ಬೈಗುಳ ಮುಗಿದು, ಮಾತು ಮಗಳ ಬಾಣಂತನಕ್ಕೆ, ಸೊಸೆಯ ಸಿಟ್ಟಿಗೆ ಹೊರಳಿ ಒಂದು ತಾಸು ನಡೆಯುತ್ತಿತ್ತು. ಬೈಯಲು ಬರುವವರಿಗಾಗಿ ಮೊದಲೇ ಥರ್ಮಾಸಿನಲ್ಲಿ ಚಹಾ ತುಂಬಿಟ್ಟು ಚಾಪೆ ಹಾಸುವ ಅಪರಾಧಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನನಗೆ ಆಗಲೇ ಅರ್ಥವಾಗಬೇಕಿತ್ತು. ಆಗಲಿಲ್ಲ. "ಅಕ್ಕೋರ, ನಿಮ್ಮ ಮಾಮಾಗ ಬಂದು ಬುದ್ಧಿ ಹೇಳ್ರಿ" ಎಂದು ಚಾಚಿ ಫೋನು ಮಾಡಿದಾಗಲೆಲ್ಲ ಬಸ್ಸು ಹತ್ತಿ ಹೋಗುತ್ತಿದ್ದೆ, ಚೆನ್ನಾಗಿ ಬೈದು, ಅವನೇ ಬಡಿದ ದಪ್ಪ ರೊಟ್ಟಿ ತಿಂದು ತಿರುಗಿ ಬರುತ್ತಿದ್ದೆ.

ಕೊನೆಗೆ ಓಣಿಯವರೆಲ್ಲ ಸೇರಿ ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟರು. ಕಂಬದ ಮೇಲಿನ ಹಳೆಯ ಟ್ರಾನ್ಸ್‌ಫಾರ್ಮರ್ ಹೋಗಿ ಅದರ ದುಪ್ಪಟ್ಟಿನದು ಬಂತು. ಈಗ ಮಾವ ಎಷ್ಟೇ ಹೊತ್ತು ಒಲೆ ಉರಿಸಲಿ, ಯಾರ ಮನೆಯ ದೀಪವೂ ಮಂಕಾಗುವುದಿಲ್ಲ. ಚಾಚಿಯ ಮಷಿನ್ನು ಕುಂಟುವುದಿಲ್ಲ. ನನಗೆ ಫೋನೂ ಬರಲಿಲ್ಲ. ಪೀಡೆ ಕಳೆಯಿತೆಂದು ನಾನು ಖುಷಿಪಟ್ಟೆ, ಮೂರು ತಿಂಗಳು ರೋಣದ ಕಡೆ ಹಾಯಲಿಲ್ಲ.

ಹೋದ ಭಾನುವಾರ ಗಜೇಂದ್ರಗಡದಲ್ಲಿ ಗೆಳತಿಯ ಮನೆಯ ಗೃಹಪ್ರವೇಶ ಮುಗಿಸಿ ಬರುವಾಗ ಬಸ್ಸು ರೋಣದಲ್ಲಿ ನಿಂತಿತು. ಏನನ್ನಿಸಿತೋ, ಇಳಿದುಬಿಟ್ಟೆ. ಓಣಿಯ ದೀಪಗಳೆಲ್ಲ ಝಗಝಗ ಉರಿಯುತ್ತಿದ್ದವು. ಮನೆಮನೆಯಿಂದ ಧಾರಾವಾಹಿಯ ಸದ್ದು. ಮಾವನ ಕಟ್ಟೆಯ ಮೇಲೆ ಒಬ್ಬರೂ ಇರಲಿಲ್ಲ. ಒಳಗೆ ಒಲೆ ಚಟಚಟ ಎನ್ನುತ್ತಿತ್ತು. ಇಣುಕಿ ನೋಡಿದರೆ ಗುಳಿಯೊಳಗೆ ಕರಗಿಸಲು ಏನೂ ಇರಲಿಲ್ಲ, ಸುಮ್ಮನೆ ಉರಿಸುತ್ತಿದ್ದ.

ನನ್ನನ್ನು ಕಂಡವನೇ ಗಡಬಡಿಸಿ ಎದ್ದು ಸ್ವಿಚ್ಚು ಆರಿಸಿದ. ಮುಖ ಅರಳಿತ್ತು. "ಯಾರ್ ಫೋನ್ ಮಾಡಿದ್ರವಾ? ಲೈಟ್ ಸಣ್ಣಾಗಾಕತ್ತಾವಂತೇನು?"

"ಇಲ್ಲ ಮಾಮಾ. ಯಾರೂ ಮಾಡಿಲ್ಲ."

"ಮತ್ತ ಯಾಕ ಬಂದಿ?"

ಆ ಮಾತಿನಲ್ಲಿ ಕೊಂಕು ಇರಲಿಲ್ಲ, ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಅತ್ತೆ ಹೋದಮೇಲೆ ನಾನು ಈ ಮನೆಗೆ ಬಂದದ್ದೆಲ್ಲ ಬೈಯುವುದಕ್ಕೇ ಎಂಬುದು ನನಗೆ ಆಗಲೇ ಹೊಳೆದದ್ದು. ನಾಚಿಕೆಯಾಯಿತು.

"ಸುಮ್ನ ಬಂದೆ ಮಾಮಾ."

"ಸುಮ್ನ?" ಎಂದು ನನ್ನ ಮುಖವನ್ನೇ ನೋಡಿದ. ಆಮೇಲೆ ನನ್ನ ಕೈಯ ಚೀಲ ಇಸಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಹಿಡಿದುಕೊಂಡೇ ಕೇಳಿದ:

"ಸುಮ್ನ ಬಂದಾಕಿ ಲಗೂ ಹೋಗೂದಿಲ್ಲಲ್ಲ?"