ರಾಹುಕಾಲದಲ್ಲಿ ಬ್ಯಾಟರಿ ಬದಲಿಸಿದ ಹಾಲೇಶಪ್ಪನ ಪ್ರತಾಪ

“ಅಂಗಡಿಯವ ಪುಕ್ಸಟ್ಟೆ ಹಾಕ್ಕೊಡ್ತೀನಿ ಅಂದ್ರೂ ಬ್ಯಾಡ ಅಂದು ಬಂದ್ರಲ್ರೀ! ಯಾವ ಧಾಡಿ ಬಡಿದಿತ್ತು ನಿಮ್ಗೆ?”

“ಲೇ, ಒಂದು ಬ್ಯಾಟ್ರಿ ಹಾಕೋಕೆ ಅಂಗಡಿಯವ ಬೇಕೇನೆ? ನಾನೇನ್ ಕೈಗೆ ಬಳೆ ತೊಟ್ಕಂಡಿದೀನಾ?”

“ತೊಟ್ಕಂಡಿದ್ರೆ ಪಾಡಿತ್ತು! ಬಳೆ ತೊಡಿಸೋಕೆ ಹೊತ್ತಾಗ್ತೈತೆ ಅನ್ನೋದಾದ್ರೂ ತಿಳೀತಿತ್ತು!”

ಇಂತು ಭೂಮಂಡಲಕ್ಕೆ ತಿಲಕಪ್ರಾಯವಾದ ಹನುಮನಕಟ್ಟೆ ಗ್ರಾಮದಲ್ಲಿ, ಗೋಮಯಪರಿಮಳಭರಿತವಾದ ಮೇಲಿನ ಓಣಿಯಲ್ಲಿ, ಸೋಮವಾರದ ಎಳೆಬಿಸಿಲಿನ ವೇಳೆ ಪತಿಪತ್ನಿಯರ ವಾಗ್ಬಾಣಗಳು ಗಗನಮಧ್ಯದಲ್ಲಿ ಒಂದಕ್ಕೊಂದು ಬಡಿದು ಕಿಡಿ ಕಾರುತ್ತಿರಲು, ಬೇವಿನ ಮರದ ಕಾಗೆಗಳು ತಮ್ಮ ಜಗಳವನ್ನು ಅರ್ಧಕ್ಕೇ ನಿಲ್ಲಿಸಿ ಇವರ ಜಗಳವನ್ನು ಕೇಳತೊಡಗಿದವು.

ಹೇ ವಿಘ್ನೇಶ್ವರ! ಈ ಕಥೆಯನ್ನು ಹೇಳಲು ನಾಲಿಗೆಗೆ ಬಲ ಕೊಡು. ನಿನ್ನ ವಾಹನ ಇಲಿ. ಕಾಳು ಹಾಕಿದರೆ ಓಡುತ್ತದೆ, ಅದಕ್ಕೆ ಬ್ಯಾಟರಿಯಿಲ್ಲ. ಆದ್ದರಿಂದ ನಮ್ಮ ನರಲೋಕದವರ ಕಷ್ಟ ನಿನಗೆ ಎಷ್ಟು ಅರ್ಥವಾದೀತೋ ತಿಳಿಯೆ; ಆದರೂ ಪದ್ಧತಿ ಬಿಡಬಾರದೆಂದು ಕೈ ಮುಗಿಯುತ್ತೇನೆ. ಅದು ಕಲಿಯುಗದ ಪ್ರಥಮ ಪಾದ. ಮನುಷ್ಯರು ಕಾಲಿದ್ದೂ ನಡೆಯದ, ಬಾಯಿದ್ದೂ ಮುಚ್ಚದ ಕಾಲ. ಆ ಕಾಲದಲ್ಲಿ ಮೆಕ್ಯಾನಿಕ್‌ಜನಗರ್ವಭಂಜನನೂ, ಪರಬುದ್ಧಿವಾದಪರಾಙ್ಮುಖನೂ, ಮೂರನೆಯ ಮಾತಿಗೇ ಮೂಗಿನ ತುದಿ ಕೆಂಪಾಗುವ ಮಹಾಕೋಪಿಯೂ ಆದ ಹಾಲೇಶಪ್ಪನೆಂಬ ವೀರನು ಬಿಳಿಯ ವ್ಯಾನೊಂದಕ್ಕೆ ಒಡೆಯನಾಗಿ ಬಾಡಿಗೆ ಹೊಡೆದುಕೊಂಡಿದ್ದನು. ಅವನ ಧರ್ಮಪತ್ನಿ ಸರ್ವಮಂಗಳಮ್ಮ.

ಆ ದಿನದ ಪಯಣವಾದರೋ ಬಾಡಿಗೆಯದಲ್ಲ. ಸರ್ವಮಂಗಳಮ್ಮನ ತಂಗಿ ಎಂದೋ ತೀರಿಕೊಂಡಿದ್ದಳು. ಆ ತಂಗಿಯ ಮಗಳು ದಾಕ್ಷಾಯಿಣಿಗೆ ಬಿದರಹಳ್ಳಿಯಲ್ಲಿ ಅಂದು ಸೀಮಂತ. ತಾಯಿಯಿಲ್ಲದ ಹುಡುಗಿ, ಮೊದಲ ಬಳೆ ದೊಡ್ಡಮ್ಮನೇ ತೊಡಿಸಬೇಕೆಂದು ಹಟ ಹಿಡಿದು ಕೂತಿದ್ದಳು. ಹೊತ್ತು ನೆತ್ತಿಗೆ ಬರುವುದರೊಳಗೆ ತೊಡಿಸಬೇಕು. ಹಸಿರು ಬಳೆಗಳ ಕಟ್ಟನ್ನು ಸರ್ವಮಂಗಳಮ್ಮ ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡಿದ್ದಳು. “ನಮ್ಮ ಗಾಡಿ ಇರುವಾಗ ಬಸ್ಸು ಯಾಕೆ? ಇಡೀ ಓಣಿಯ ಹೆಣ್ಮಕ್ಕಳನ್ನ ನಾನೇ ಕರ್ಕೊಂಡು ಹೋಗ್ತೀನಿ,” ಎಂದು ಹಾಲೇಶಪ್ಪ ಚಹದಂಗಡಿಯಲ್ಲಿ ಸಾರಿಬಿಟ್ಟಿದ್ದನು.

ಹಳೆಯ ಬ್ಯಾಟರಿ ಸಾಯುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಪೇಟೆಯಿಂದ ಹೊಸದನ್ನು ತಂದು ಜಗಲಿಯ ಮೇಲೆ ಇಟ್ಟೂ ಇದ್ದನು. ಹಾಕಿರಲಿಲ್ಲ. ಯಾಕೆಂದರೆ ಹಾಕುವುದು ಅವನ ಎಡಗೈಯ ಕೆಲಸ, ಆ ಎಡಗೈಗೆ ಪುರುಸೊತ್ತಿರಲಿಲ್ಲ. ಹೀಗಾಗಿ ಆ ಸೋಮವಾರ ಕೀಲಿ ತಿರುವಿದಾಗ, ವ್ಯಾನು ಮುದುಕನ ಕೆಮ್ಮಿನಂತೆ ಒಮ್ಮೆ ಕೆಮ್ಮಿ ಕಣ್ಣು ಮುಚ್ಚಿತು. ತಳ್ಳೋಣವೆಂದರೆ ಓಣಿಯ ಗಂಡಸರೆಲ್ಲ ಗದ್ದೆಗೆ ಹೋಗಿದ್ದರು.

ಇಷ್ಟೇ ಆಗಿದ್ದರೆ ಇದು ಯುದ್ಧವಾಗುತ್ತಿರಲಿಲ್ಲ. ಆದರೆ ಸೋಮವಾರದ ರಾಹುಕಾಲ ಬೆಳಿಗ್ಗೆಯೇ ಬರುತ್ತದೆ. ಅದು ಕಾಲಿಡುವ ಮುಂಚೆ ಹೊಸ್ತಿಲು ದಾಟಿ ಗಾಡಿಯಲ್ಲಿ ಕೂತುಬಿಟ್ಟರೆ ಹೊರಟಂತೆಯೇ ಲೆಕ್ಕ. ಕೂತ ಮೇಲೆ ಮಾತ್ರ ರಾಹುಕಾಲ ಮುಗಿಯುವವರೆಗೆ ನೆಲಕ್ಕೆ ಕಾಲಿಡಬಾರದು, ಇಟ್ಟರೆ ಹೊರಟದ್ದೆಲ್ಲ ಕೆಟ್ಟಿತು. ಆದ್ದರಿಂದ ರೇಷ್ಮೆ ಸೀರೆಗಳಿಂದ ಸರಸರಿಸುವ, ಮಲ್ಲಿಗೆ ದಂಡೆಗಳಿಂದ ಘಮಘಮಿಸುವ ನಾರೀಸೇನೆಯು ಬೆಳಗಾಗುತ್ತಲೇ ವ್ಯಾನನ್ನು ಏರಿ, ತೊಡೆಯ ಮೇಲೆ ತೊಡೆಯಿಟ್ಟು, ಬುಟ್ಟಿಯ ಮೇಲೆ ಬುಟ್ಟಿಯಿಟ್ಟು, ಕೋಟೆಯಂತೆ ಕೂತಿತ್ತು. ಮತ್ತು ಬ್ಯಾಟರಿಯಿದ್ದದ್ದು ಮುಂದಿನ ಎಡ ಸೀಟಿನ ಅಡಿಯಲ್ಲಿ. ಆ ಸೀಟಿನ ಮೇಲೆ ಕೂತಿದ್ದವಳು ಹಾಲೇಶಪ್ಪನ ಸೋದರತ್ತೆ, ಮಹಾಕಾಯಳಾದ ಗಂಗಮ್ಮ. ಹಿಂದೆ ಕೂತರೆ ಅವಳಿಗೆ ವಾಂತಿಯಾಗುತ್ತದೆ.

ಹಾಲೇಶಪ್ಪ ಪಂಚೆಯನ್ನು ಮೇಲೆತ್ತಿ ಕಟ್ಟಿ, ಸ್ಪ್ಯಾನರನ್ನು ಗದೆಯಂತೆ ಹೆಗಲಿಗೇರಿಸಿ, ಸೈನ್ಯದ ಮುಂದೆ ನಿಂತು ಗರ್ಜಿಸಿದನು:

“ಕೇಳ್ರವ್ವಾ! ಲಾರಿ ಇಂಜಿನ್ನು ಬಿಚ್ಚಿ ಕಟ್ಟಿದ ಕೈ ಇದು! ಕೆಟ್ಟು ನಿಂತ ಬೋರ್ ಮೋಟ್ರು ನನ್ ದನಿ ಕೇಳಿದ್ರೇ ತಿರುಗ್ತಾವೆ! ಎಲೆ ಅಡಿಕೆ ಹಾಕ್ಕೊಳ್ರಿ. ಸುಣ್ಣ ಹಚ್ಚೋದ್ರಾಗೆ ಗಾಡಿ ಚಾಲೂ ಮಾಡ್ತೀನಿ. ಅತ್ತೇ, ಇಳಿ ಕೆಳಗೆ.”

ಗಂಗಮ್ಮತ್ತೆ ಸೆರಗನ್ನು ಸರಿಪಡಿಸಿಕೊಂಡು, ಸಿಂಹಾಸನದಲ್ಲಿ ಇನ್ನಷ್ಟು ಆಳಕ್ಕೆ ಊರಿ ಕೂತು, ಪ್ರತಿಘೋಷ ಮಾಡಿದಳು:

“ಹಾಲೇಶಿ, ನಿಮ್ಮಪ್ಪ ಹೇಳಿದ್ರೂ ಇಳಿದೋಳಲ್ಲ ನಾನು! ರಾಹುಕಾಲದಾಗೆ ಬಸುರಿ ಹೆಂಗಸಿನ ಕಾರ್ಯಕ್ಕೆ ಹೊಂಟೋಳು ನೆಲಕ್ಕೆ ಕಾಲಿಡ್ಲಾ? ಬೇಕಾದ್ರೆ ಕಾಲೆತ್ತಿ ಕೂತ್ಕಂತೀನಿ. ಅಡಿಯಿಂದ ಕೈ ಹಾಕ್ಕೋ.”

“ಅದೇನ್ ಬ್ಯಾಟ್ರಿನೋ ಕೋಳಿಮೊಟ್ಟೆನೋ ಅಡಿಯಿಂದ ತೆಗೆಯೋಕೆ!”

“ನಂಗೇನ್ ಗೊತ್ತು? ಇಟ್ಟೋನು ನೀನು.”

ಸಂಧಾನಕ್ಕೆ ಸರ್ವಮಂಗಳಮ್ಮನೇ ಮುಂದಾದಳು. ಗಂಗಮ್ಮತ್ತೆ ನೆಲ ಮುಟ್ಟದೆ, ಗಾಡಿಯೊಳಗಿಂದಲೇ ಪಕ್ಕದ ಡ್ರೈವರ್ ಸೀಟಿಗೆ ದಾಟತಕ್ಕದ್ದು ಎಂದು ತೀರ್ಮಾನವಾಯಿತು. ಮಹಾಸಾಗರವನ್ನು ಲಂಘಿಸಿದವರುಂಟು, ಪರ್ವತಗಳನ್ನು ಕಿತ್ತು ಸಾಗಿಸಿದವರುಂಟು. ಆದರೆ ಗೇರ್ ಕಡ್ಡಿಯ ಮೇಲಿಂದ ಗಂಗಮ್ಮತ್ತೆಯನ್ನು ದಾಟಿಸಿದ ಆ ಸಾಹಸಕ್ಕೆ ಸಮನಾದುದು ಇಲ್ಲ. ಹಿಂದಿನಿಂದ ಇಬ್ಬರು ತಳ್ಳಿದರು, ಮುಂದಿನಿಂದ ಹಾಲೇಶಪ್ಪ ಎಳೆದನು, ನಡುವೆ ಗೇರ್ ಕಡ್ಡಿ ಸೀರೆಯ ನೆರಿಗೆಯನ್ನು ಹಿಡಿದುಕೊಂಡು ಬಿಡದಾಯಿತು. “ಹರೀತು! ಹರೀತು! ನನ್ ಮಗ ಕೊಡ್ಸಿದ ಸೀರೆ!” ಎಂಬ ಆರ್ತನಾದ ಓಣಿಯನ್ನು ತುಂಬಿತು. ಕೊನೆಗೆ ಅತ್ತೆ ದೊಪ್ಪನೆ ಡ್ರೈವರ್ ಸೀಟಿಗೆ ಬಿದ್ದಳು, ವ್ಯಾನು ಬಲಕ್ಕೆ ವಾಲಿತು.

ಅನಂತರ ವೀರನು ಸೀಟನ್ನು ಎತ್ತಿ, ಮೊಣಕಾಲೂರಿ, ಆ ಕತ್ತಲ ಕುಳಿಯೊಳಗೆ ತಲೆಯಿಟ್ಟನು. ಅಲ್ಲಿ ಹಳೆಯ ಬ್ಯಾಟರಿಯು ತುದಿಗಳಲ್ಲಿ ಬೆಳ್ಳಗೆ ಉಪ್ಪು ಬೆಳೆಸಿಕೊಂಡು, ತಪಸ್ಸಿಗೆ ಕೂತ ಮುದಿ ರಕ್ಕಸನಂತೆ ಕೂತಿತ್ತು. ಕರಿ ವೈರಿನ ನಟ್ಟು ಎರಡು ತಿರುವಿಗೆ ಶರಣಾಯಿತು. ಕೆಂಪು ವೈರಿನದು ತುಕ್ಕಿನ ಕವಚ ತೊಟ್ಟಿತ್ತು. ಹಾಲೇಶಪ್ಪ ತಿರುವಿದನು, ಬೈದನು, ಸ್ಪ್ಯಾನರಿನಿಂದ ಕುಟ್ಟಿದನು, ಅದರ ವಂಶವನ್ನು ಏಳು ತಲೆಯವರೆಗೆ ಎತ್ತಿ ಆಡಿದನು. ಒಳಗಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು, ಬೆರಳುಗಳನ್ನು ಮಾತ್ರ ಸಡಿಲವಾಗಿಟ್ಟುಕೊಂಡರು. ಬೈಗುಳಕ್ಕೋ ಪೆಟ್ಟಿಗೋ ಅದೂ ಬಿಟ್ಟಿತು. ಹಳೆಯದು ಹೊರಗೆ ಬಂತು, ಹೊಸದು ಒಳಗೆ ಹೋಯಿತು. ಕೆಂಪನ್ನು ಸಿಗಿಸಿ ಬಿಗಿದನು. ಕರಿಯದನ್ನು ಸಿಗಿಸಿದ್ದೇ ತಡ —

ಪೋಂ ಎಂದು ಪ್ರಳಯಕಾಲದ ಶಂಖವೇ ಮೊಳಗಿತು.

ಹಾಲೇಶಪ್ಪ ಎದ್ದ ರಭಸಕ್ಕೆ ಅವನ ತಲೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಬುಟ್ಟಿಗಳು ಉರುಳಿದವು, ಎಳ್ಳು ಬೆಲ್ಲದ ಚಿಗಳಿ ಉಂಡೆಗಳು ಕಾಲಡಿಗೆ ಓಡಿದವು. ಸ್ಟಿಯರಿಂಗಿನ ಮೇಲೆ ಮೊಣಕೈಯೂರಿ ತೂಕಡಿಸುತ್ತಿದ್ದ ಗಂಗಮ್ಮತ್ತೆ, “ಅಯ್ಯೋ ಶಿವನೇ, ನಾನಲ್ಲ!” ಎಂದು ಕೈ ತೆಗೆದಳು. ಹಾರನ್ನು ನಿಂತಿತು.

“ಜೀವ ಬಂತು!” ಎಂದು ಸೈನ್ಯವು ಚಪ್ಪಾಳೆ ತಟ್ಟಿತು. ಸರ್ವಮಂಗಳಮ್ಮನ ಮುಖದಲ್ಲೂ ಬೆಳಗಿನಿಂದ ಕಾಣದಿದ್ದ ನಗೆ ಮೂಡಿತು. ಬಳೆಯ ಕಟ್ಟನ್ನು ಎದೆಗೊತ್ತಿಕೊಂಡು, “ನಡೀರಿ, ಹೊತ್ತಿಗೆ ಸರಿಯಾಗಿ ಮುಟ್ತೀವಿ,” ಎಂದಳು.

ಆದರೆ ತಲೆ ಬಡಿದ ಏಟಿಗೆ ಹಾಲೇಶಪ್ಪನ ಕೈಯಲ್ಲಿದ್ದ ಕರಿ ವೈರಿನ ನಟ್ಟು ಜಾರಿ, ಇಂಜಿನ್ನಿನ ಪಾತಾಳಕ್ಕೆ ಇಳಿದಿತ್ತು.

“ನಿಲ್ಲು. ನಟ್ಟು ಬಿತ್ತು.”

“ವೈರು ಕಚ್ಕೊಂಡೈತಲ್ರೀ, ಹಾರನ್ ಹೊಡೀತಲ್ಲ! ಒಂದು ದಾರ ಕಟ್ಟಿ ಹೊಡೀರಿ, ಸಾಕು.”

“ದಾರ ಕಟ್ಟೋಕೆ ಇದೇನ್ ಎಮ್ಮೆನಾ? ಅರ್ಧ ಬಿಗಿದು ಗಾಡಿ ಓಡಿಸೋ ಮಗನೇ ಅಲ್ಲ ನಾನು! ಆ ನಟ್ಟು ಎಲ್ಲಿಗೆ ಹೋಗ್ತೈತೆ ನೋಡೇಬಿಡ್ತೀನಿ.”

ವೀರರ ಸ್ವಭಾವವೇ ಹಾಗೆ. ರಾಜ್ಯ ಗೆದ್ದ ಮೇಲೆ ಕಾಲಿನ ಮುಳ್ಳಿಗಾಗಿ ಕಾಡು ಸುಡುತ್ತಾರೆ. ಹಾಲೇಶಪ್ಪ ಮತ್ತೆ ಕುಳಿಯೊಳಗೆ ತಲೆ ತೂರಿಸಿದನು. ಬೆರಳಿಗೆ ನಟ್ಟು ತಾಗಿತು, ಜಾರಿತು. ತಾಗಿತು, ಜಾರಿತು. ಅಷ್ಟರಲ್ಲಿ ಹನುಮಪ್ಪನ ಗುಡಿಯ ಗಂಟೆ ಮೊಳಗಿ ರಾಹುಕಾಲ ಮುಗಿಯಿತು. ದೂರದಲ್ಲಿ ಬಿದರಹಳ್ಳಿಯ ಕೆಂಪು ಬಸ್ಸು ಧೂಳೆಬ್ಬಿಸುತ್ತ ಬಂತು.

“ರೀ, ಬಸ್ ಬಂತು. ಬರ್ತೀರೋ, ನಾವು ಹೊರಡ್ಲೋ?”

“ಒಂದು ನಟ್ಟು ಕಣೇ! ಒಂದೇ ನಟ್ಟು!”

“ಆ ಹುಡುಗಿ ಬೆಳಗಿಂದ ನೀರು ಕುಡೀದೆ ಕಾಯ್ತೈತ್ರೀ.”

“ಅಷ್ಟು ಅರ್ಜೆಂಟಿದ್ರೆ ಹೋಗ್ರಿ! ಹೋಗೋರನ್ನ ನಾನೇನ್ ಕಟ್ಟಾಕಿದೀನಾ?”

ಕುಳಿಯೊಳಗಿಂದ ಬಂದ ಆ ಮಾತು ಅವನಿಗೆ ಗುಡುಗಿನಂತೆ ಕೇಳಿಸಿತು. ಹೊರಗಿನವರಿಗೆ ಗಡಿಗೆಯೊಳಗಿನ ಕಪ್ಪೆಯ ದನಿಯಂತೆ ಕೇಳಿಸಿತು. ಸರ್ವಮಂಗಳಮ್ಮ ಬಳೆಯ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಇಳಿದಳು. ಅವಳ ಹಿಂದೆ ರೇಷ್ಮೆಗಳು ಇಳಿದವು, ಬುಟ್ಟಿಗಳು ಇಳಿದವು, ಕಟ್ಟಕಡೆಗೆ ಗಂಗಮ್ಮತ್ತೆ ಇಳಿದಳು. ಬಲಕ್ಕೆ ವಾಲಿದ್ದ ವ್ಯಾನು ನೆಟ್ಟಗಾಯಿತು, ಮತ್ತು ಆ ಅಲುಗಾಟಕ್ಕೆ ನಟ್ಟು ತಾನಾಗಿಯೇ ಉರುಳಿ ಬಂದು ಹಾಲೇಶಪ್ಪನ ಅಂಗೈಗೆ ಬಿತ್ತು.

“ಸಿಕ್ತು!” ಎಂದು ಅವನು ಕೂಗಿದನು. ಬಿಗಿದನು. ಇನ್ನೊಮ್ಮೆ ಬಿಗಿದನು. ಮಸಿ ಬಳಿದ ಮುಖವನ್ನು ಹೊರಗೆ ತೆಗೆದು, ಬೆನ್ನು ನೆಟ್ಟಗೆ ಮಾಡಿ, ಡ್ರೈವರ್ ಸೀಟನ್ನೇರಿ, ಕೀಲಿ ತಿರುವಿದನು. ವ್ಯಾನು ಹತ್ತು ಆನೆಗಳು ಒಟ್ಟಿಗೆ ಘೀಳಿಟ್ಟಂತೆ ಶುರುವಾಯಿತು.

“ನೋಡ್ರಿ! ಹೇಳ್ಲಿಲ್ವಾ ನಾನು?” ಎಂದು ಹಿಂದಕ್ಕೆ ತಿರುಗಿದನು.

ಹಿಂದೆ ಒಂದು ತುಳಿದ ಚಿಗಳಿ ಉಂಡೆಯಿತ್ತು.

ಬಸ್ಸಿನ ಧೂಳು ಕೂಡ ಕೆಳಗಿಳಿದಿತ್ತು. ಬೆನ್ನಟ್ಟಿ ಹೋಗಬಹುದಿತ್ತು. ಆದರೆ ಹೋಗ್ರಿ ಎಂದವನು ಹಿಂದೆ ಹೋಗುವುದು ಹೇಗೆ? ಸ್ವಲ್ಪ ಹೊತ್ತು ಇಂಜಿನ್ನಿನ ಸದ್ದು ಕೇಳುತ್ತ ಕೂತನು. ಆಮೇಲೆ ಗೇರು ಹಾಕಿ, ಬಿಸಿಲಿನಲ್ಲಿ ನಿಂತಿದ್ದ ವ್ಯಾನನ್ನು ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದನು. ಹೊಸ ಬ್ಯಾಟರಿಯಿಂದ ಅಂದು ನಡೆದ ದಿಗ್ವಿಜಯ ಇಷ್ಟೇ.

ಮಧ್ಯಾಹ್ನ ತಡೆಯಲಾರದೆ ಫೋನು ಮಾಡಿದನು.

“ಬಳೆ ತೊಡಿಸಿದ್ಯಾ?”

“ತೊಡಿಸ್ದೆ.”

“ಗಾಡಿ ಚಾಲೂ ಆತು. ಒಂದೇ ಸಲಕ್ಕೆ.”

“ಹ್ಞೂಂ.”

“ಸಂಜೆ ಕರ್ಕೊಂಡು ಬರೋಕೆ ಬರ್ಲಾ?”

ಆ ಕಡೆ ಯಾರೋ ಸೋಬಾನೆ ಹಾಡುತ್ತಿದ್ದರು.

“ಬ್ಯಾಡ. ಈ ಹುಡುಗೀಗೆ ನನ್ ಬಿಟ್ರೆ ಯಾರವ್ರೆ? ಬಾಣಂತನ ಮುಗಿಸ್ಕೊಂಡೇ ಬರ್ತೀನಿ.”

“ಬಾಣಂತನಾನಾ? ಅದಕ್ಕಿನ್ನೂ ತಿಂಗ್ಳಾನುಗಟ್ಲೆ ಐತಲ್ಲೇ! ನಂಗೆ ಅನ್ನ ಯಾರು ಮಾಡೋರು?”

“ನಿಮ್ಗೇನ್ರೀ, ಎಲ್ಲಾನೂ ನೀವೇ ಮಾಡ್ಕಂತೀರಲ್ಲ,” ಎಂದು ಅವಳು ಫೋನು ಇಟ್ಟಳು.