ಲಾರಿ ನಿಲ್ಲಿಸಲು ಕಲಿಸುವ ನಮ್ಮ ಮಾಮಾ

ನಮ್ಮ ಮಾಮಾ, ಅಂದರೆ ನಮ್ಮ ಅವ್ವನ ತಮ್ಮ, ಹುಟ್ಟಿದಾಗ ಅತ್ತನೋ ಹಾರ್ನ್ ಹೊಡೆದನೋ ಎಂಬ ಬಗ್ಗೆ ನಮ್ಮ ಬಳಗದಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಮೀಸೆ ಮೂಡುವ ಮೊದಲೇ ಲಾರಿ ಹತ್ತಿದವನು ಮೊಣಕಾಲು ಮುಷ್ಕರ ಹೂಡಿದ ಮೇಲೆಯೇ ಕೆಳಗಿಳಿದದ್ದು. ಇಂಥವನ ಹತ್ತಿರ ಕಲಿಯಲು ಬಂದವರಿಗೆ ಮೊದಲ ಪಾಠ ಯಾವುದಿರಬಹುದು, ಹೇಳಿ ನೋಡೋಣ? ಸ್ಟೇರಿಂಗೇ? ಗೇರೇ? ಊಹೂಂ. ಮಲಗುವುದು!

ಖಾನಾಪುರದಲ್ಲಿ ನಮ್ಮ ಮನೆಯ ಮುಂದಿನ ಹಲಸಿನ ಮರದ ಕೆಳಗೆ ಅವನದೊಂದು ಹೊರಸು, ಅಂದರೆ ಹಗ್ಗದ ಮಂಚ, ಇದೆ. ಅದೇ ಅವನ ವಿದ್ಯಾಪೀಠ. ಹೊಸ ಹೆವಿ ಲೈಸನ್ಸನ್ನು ಲಗ್ನಪತ್ರಿಕೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬರುವ ಹುಡುಗರಿಗೆ ಅವನು ಕೇಳುವುದು ಒಂದೇ ಪ್ರಶ್ನೆ.

"ನಿದ್ದಿ ಬರತೈತೇನು ನಿನಗ?"

"ಏ, ಇಲ್ಲರಿ ಕಾಕಾ. ಬೇಕಾದ್ರ ಎರಡ ದಿನಾ ಕಣ್ಣ ಮುಚ್ಚೂದಿಲ್ಲ ನಾ."

"ಹಂಗಾದ್ರ ಎಲ್ಲ್ಯರೆ ವಾಚಮನ್ ಆಗಿ ಸೇರಕೋ. ಲಾರಿ ನಿನಗಲ್ಲ."

ಹಾಗೂ ನಿಂತವರಿಗೆ ಪರೀಕ್ಷೆ ಉಂಟು. ನಡುಮಧ್ಯಾಹ್ನ, ಹುಡುಗರು ಗೋಲಿ ಆಡುತ್ತ ಜಗಳವಾಡುವಾಗ, ಪಕ್ಕದ ಮನೆಯ ಹುಂಜ ಹೊತ್ತುಗೊತ್ತಿಲ್ಲದೆ ಕೂಗುವಾಗ ಆ ಹೊರಸಿನ ಮೇಲೆ ಮಲಗಬೇಕು. ತಲೆ ಇಟ್ಟ ಕೂಡಲೇ ಗೊರಕೆ ಹೊಡೆದವನು ಪಾಸು. ಡ್ರೈವರನಿಗೆ ಕಣ್ಣು ಎಳೆದರೆ ಎಲ್ಲಿಯಾದರೂ ಗಾಡಿ ಬದಿಗೆ ಹಾಕಿ ಮಲಗಲು ಬರಬೇಕು, ಮಲಗಲು ಬಾರದವನು ಸ್ಟೇರಿಂಗ್ ಮೇಲೆ ಮಲಗುತ್ತಾನೆ ಎಂಬುದು ಅವನ ಸಿದ್ಧಾಂತ. ಒಮ್ಮೆ ಒಬ್ಬ ದನ ಮನೆಗೆ ಬರುವ ಹೊತ್ತಾದರೂ ಏಳಲಿಲ್ಲ. ಅವನ ತಾಯಿ ಹುಡುಕಿಕೊಂಡು ಬಂದಳು.

"ಮಗಾ ಗಾಡಿ ಕಲಿಯಾಕ ಬಂದಿದ್ನಲ್ರಿ?"

"ಕಲತಾನ ಯವ್ವಾ, ರ‍್ಯಾಂಕ್ ಬಂದಾನ," ಎಂದ ಮಾಮಾ. "ಎಬ್ಬಿಸಿ ಕರಕೊಂಡ ಹೋಗು."

ಎರಡನೆಯ ಪಾಠ ಇನ್ನೂ ಕಠಿಣ: ಬೈಸಿಕೊಳ್ಳುವುದು. ಹುಡುಗನನ್ನು ಎದುರು ನಿಲ್ಲಿಸಿ ಮಾಮಾ ಲಾರಿ ಮಾಲೀಕನ ಪಾತ್ರ ವಹಿಸುತ್ತಾನೆ. "ಯಾಕೋ ಬೋಳಿಮಗನ, ಮಾಲು ಹೊತ್ತಿಗೆ ಸರಿಯಾಗಿ ಯಾಕ ಮುಟ್ಟಿಲ್ಲ?" ಎಂದು ಶುರುಮಾಡಿ ಹುಡುಗನ ಏಳು ತಲೆಮಾರು ಹಿಂದಕ್ಕೆ ಹೋಗಿ, ಅಲ್ಲಿ ಸ್ವಲ್ಪ ವಿಶ್ರಾಂತಿ ಪಡೆದು ವಾಪಸು ಬರುತ್ತಾನೆ. ಹುಡುಗ ಕೈಕಟ್ಟಿ ನಿಂತು "ಹೂಂರಿ ಮಾಲಕರ" ಎನ್ನಬೇಕೇ ಹೊರತು ಮುಖ ಕೆಂಪಗಾಗುವ ಹಾಗಿಲ್ಲ. ಯಾಕೆ ಈ ಕರ್ಮ ಎಂದು ನಾನು ಒಮ್ಮೆ ಕೇಳಿದೆ.

"ಹೊಸಾ ಹುಡುಗುರು ಬೈಗಳಕ್ಕ ಅಂಜಿ ಜೋರ ಹೊಡೀತಾವ, ಬಿ.ಎ. ಬಾಯಾರ. ಬೈಗಳ ತಿಂದು ಯಾರೂ ಸತ್ತಿಲ್ಲ. ಅದನ್ನ ತಪ್ಪಸ್ಕೊಳ್ಳಾಕ ಹೋಗಿ ಸತ್ತಾವರನ್ನ ನಾ ನೋಡೇನಿ."

ಬಿ.ಎ. ಬಾಯಾರು, ಅಂದರೆ ಬಿ.ಎ. ಮೇಡಂ, ನಾನೇ. ನಮ್ಮ ಮನೆತನದ ಮೊದಲ ಪದವೀಧರೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಖಾನಾಪುರದಿಂದ ಬೆಳಗಾವಿಗೆ ಪ್ಯಾಸೆಂಜರ್ ರೈಲಿನ ಬಾಗಿಲಲ್ಲಿ ನಿಂತು ಓದಿ, ಹಬ್ಬದ ಸೀರೆಗಳನ್ನು ಪರೀಕ್ಷಾ ಶುಲ್ಕಕ್ಕೆ ಬಲಿಕೊಟ್ಟು ಪಡೆದ ಪದವಿ ಅದು. ಈಗ ಬೆಳಗಾವಿಯ ಹೈಸ್ಕೂಲೊಂದರಲ್ಲಿ ಕಲಿಸುತ್ತೇನೆ, ಹಿಂದವಾಡಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ, ನನ್ನದೇ ಒಂದು ಸ್ಕೂಟರ್ ಇದೆ.

ಸ್ಕೂಟರ್ ಎಂದೆನಲ್ಲ, ಮಾಮಾ ಕಣ್ಣು ತೋರಿಸಲು ಬೆಳಗಾವಿಗೆ ಬಂದರೆ ಬಸ್ ಸ್ಟ್ಯಾಂಡಿನಿಂದ ಅವನನ್ನು ಕರೆತರುವ ಯೋಗ ನನ್ನದು. ಲಾರಿಯಲ್ಲಿ ಕ್ಲೀನರ್ ಆದವನು ಗಾಡಿಯ ಬಾಡಿಯ ಮೇಲೆ ಒಂದು ಬಡಿತ ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು ಎಂದು ಅರ್ಥವಂತೆ. ಸ್ಕೂಟರಿಗೆ ಬಾಡಿ ಎಲ್ಲಿಂದ ಬರಬೇಕು? ಆ ಬಡಿತಗಳೆಲ್ಲ ನನ್ನ ಬೆನ್ನಿಗೆ. ಒಂದು ದಿನ ಚೌಕಿನಲ್ಲಿ ಹಸಿರು ದೀಪ ಹತ್ತಿತು, ನಾನು ಹೊರಟೆ, ಬೆನ್ನಿಗೆ ದಪ್ ಎಂದು ಒಂದು ಬಿತ್ತು. ನಿಂತೆ. ಹಿಂದಿದ್ದವರು ಹಾರ್ನ್ ಹೊಡೆಯುತ್ತ ಕನ್ನಡ, ಮರಾಠಿ ಎರಡರಲ್ಲೂ ನನ್ನನ್ನು ವಿಚಾರಿಸಿಕೊಂಡರು.

"ಹಸರ ದೀಪ ಬಿದ್ದೈತಿ ಮಾಮಾ!"

"ದೀಪ ನಿನಗ ಬಿದ್ದೈತಿ. ಬಲಕ್ಕ ಬರಾಕತ್ತೈತಲ್ಲ, ಆ ಎಮ್ಮಿಗೆ ಯಾರರೆ ಹೇಳ್ಯಾರೇನು?"

ಎಮ್ಮೆ ಸಾವಕಾಶ ದಾಟಿತು. ಎರಡು ಬಡಿತ ಬಿದ್ದವು. ಹೊರಟೆವು.

ಇಷ್ಟೇ ಆಗಿದ್ದರೆ ಮಾಮಾನನ್ನು ನಾಲ್ಕು ಜನರಿಗೆ ಹೇಳಿ ನಗಿಸುತ್ತ ಸುಮ್ಮನಿರಬಹುದಿತ್ತು. ಆದರೆ ನನ್ನ ತಮ್ಮ ಡಿಗ್ರಿ ಮೊದಲ ವರ್ಷದಲ್ಲೇ ಪುಸ್ತಕ ಮಡಚಿಟ್ಟು "ನಾ ಲಾರಿ ಹೊಡೀತೀನಿ" ಎಂದುಬಿಟ್ಟ. ಅವನನ್ನು ಕಾಲೇಜಿಗೆ ಸೇರಿಸಿದವಳು ನಾನು. ಒಂದು ವಾರ ಬುದ್ಧಿ ಹೇಳಿದೆ. "ಒಂದು ಮನಿಗೆ ಒಬ್ಬರು ಶಾಣ್ಯಾರು ಸಾಕು ಅಕ್ಕಾ, ಇಬ್ಬರಾದ್ರ ದಿನಾ ಜಗಳ," ಎಂದ. ಅದರಲ್ಲಿ ಸತ್ಯಾಂಶ ಇದ್ದುದರಿಂದ ಬುದ್ಧಿ ಹೇಳುವ ಕೆಲಸವನ್ನು ಅಲ್ಲಿಗೇ ಬಿಟ್ಟೆ.

ಅವ್ವ ಮಾತ್ರ ಒಪ್ಪಲಿಲ್ಲ. ಮಾಮಾನನ್ನು ಎದುರು ನಿಲ್ಲಿಸಿ ಹೇಳಿದಳು: "ನಿನ್ನ ಹಾದಿ ಕಾಯೂದ್ರಾಗ ನನ್ನ ಕಣ್ಣ ಹೋದುವು. ಈಗ ಇವನ ಹಾದಿ ಕಾಯಾಕ ಬ್ಯಾರೆ ಕಣ್ಣ ಎಲ್ಲಿಂದ ತರ್ಲಿ?"

"ಮೊದಲನೇ ಟ್ರಿಪ್ ಒಂದು ಆಗಲಿ ಅಕ್ಕಾ," ಎಂದ ಮಾಮಾ. "ಗಾಡಿಗೆ ಒಂದ ಗೆರಿ ಬಿದ್ದ ಬಂದ್ರೂ ಆ ಲೈಸನ್ಸ್ ನಾನ ಒಲ್ಯಾಗ ಹಾಕತೀನಿ."

ಅವ್ವ ಸಿಟ್ಟಿಗೆದ್ದರೆ ಬೈಯುವವಳಲ್ಲ, ಮಾತು ಬಿಡುವವಳು. ಅಂದಿನಿಂದ ಮಾಮಾನೊಡನೆ ಮಾತು ಬಂದ್.

ಮಾಮಾ ಸೋದರಳಿಯನಿಗೆ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಹೊರಸಿನ ಮೇಲೆ ಮಲಗಿಸಿದ. ಎದುರು ನಿಲ್ಲಿಸಿ ಬೈದ. ಏಳು ತಲೆಮಾರು ಬೈಯುವಾಗ ತನ್ನ ಅಪ್ಪ, ಅಜ್ಜನೂ ಅದರಲ್ಲಿ ಬರುತ್ತಾರೆ ಎಂಬುದು ಅರ್ಧ ದಾರಿಯಲ್ಲಿ ಹೊಳೆದು, ಗಂಟಲು ಸರಿಮಾಡಿಕೊಂಡು ಬೇರೆ ದಾರಿ ಹಿಡಿದ. ಘಾಟಿನ ಪಾಠವನ್ನೂ ಹೇಳಿಕೊಟ್ಟ. ಅದನ್ನು ಇಲ್ಲಿ ಇದ್ದಂತೆಯೇ ಕೊಡುತ್ತೇನೆ, ಹೊಸದಾಗಿ ಸ್ಟೇರಿಂಗ್ ಹಿಡಿಯುವ ಯಾರಿಗಾದರೂ ಬೇಕಾಗಬಹುದು: "ಯಾವ ಗೇರಿನ್ಯಾಗ ಏರ ಹತ್ತೀಯೋ, ಅದ ಗೇರಿನ್ಯಾಗ ಇಳಿ. ಡೀಸೆಲ್ ಉಳಸಾಕ ನ್ಯೂಟ್ರಲ್ ಮಾಡಬ್ಯಾಡ. ಬ್ರೇಕಿನ ವಾಸನಿ ಬಂದ್ರ ನಿಲ್ಲಸು, ಗಾಲಿಗೆ ಕಲ್ಲ ಕೊಡು, ಮಲಕೋ, ಬ್ರೇಕ್ ಆರೂತನಾ ಏಳಬ್ಯಾಡ. ಗಾಡಿ ಓಡುವಾಗ ಫೋನ್ ಎತ್ತಬ್ಯಾಡ. ಮಾಲಕ ಇರ್ಲಿ, ನಿಮ್ಮವ್ವ ಇರ್ಲಿ, ನಾನ ಇರ್ಲಿ."

ಕಡೆಗೆ ಒಂದು ಭಾನುವಾರ ನಸುಕಿನಲ್ಲಿ ತಮ್ಮ ಬೆಳಗಾವಿಯಿಂದ ಟೊಮ್ಯಾಟೊ, ಹಸಿಮೆಣಸಿನಕಾಯಿ ತುಂಬಿದ ಲಾರಿ ಹತ್ತಿಕೊಂಡು ಗೋವಾಕ್ಕೆ ಹೊರಟ. ಒಬ್ಬನೇ. ಜಾಂಬೋಟಿ ದಾಟಿ, ಕಣಕುಂಬಿ ದಾಟಿ, ಘಾಟಿಳಿದು ಹೋಗುವ ದಾರಿ. ನಾನು ಖಾನಾಪುರದ ಮನೆಗೆ ಬಂದಿದ್ದೆ. ಕಣಕುಂಬಿಯಿಂದ ಫೋನು ಬಂತು: "ಚಾ ಕುಡದ್ನಿ ಮಾಮಾ. ಗಾಲಿ ಬಡದ ನೋಡೇನಿ. ಇನ್ನ ಇಳೀತೀನಿ."

"ಸಾವಕಾಶ," ಎಂದು ಮಾಮಾ ಫೋನು ಇಟ್ಟ. ಬಹಳ ಗಂಭೀರವಾಗಿ ಅಡಿಕೆ ಕತ್ತರಿಸಿದ. ಬಾಯಿಗೆ ಹಾಕಿಕೊಳ್ಳುವುದು ಮರೆತು ಅದನ್ನು ಅಂಗಳಕ್ಕೆ ಎಸೆದ. ಇಷ್ಟು ಹೊತ್ತಿಗೆ ಕೆಳಗೆ ಮುಟ್ಟಿರಬೇಕು ಎಂದು ತಾನೇ ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ.

"ಹಿರ‍್ಯಾರು ಮಾಡಿದ್ರ ಎತ್ತಬೇಕಂಬೂ ಖಬರ ಇಲ್ಲೇನು ಇವಂಗ?"

"ಮಾಮಾ, ಎತ್ತಬ್ಯಾಡ ಅಂದಾಂವ ನೀನ."

"ಅಂದೇನಿ, ಖರೆ. ಅಂದ ಮಾತು ಅಂದಾಂವಗೂ ಲಾಗೂ ಅಕ್ಕೈತೇನು?"

ಆಮೇಲೆ ನನ್ನ ಫೋನು ಕಸಿದುಕೊಂಡ. ಅಕ್ಕನ ನಂಬರು ನೋಡಿಯಾದರೂ ಎತ್ತಿಯಾನು ಎಂಬ ಆಸೆ. ಅಷ್ಟರಲ್ಲಿ ರಿಂಗಾಗುವುದೂ ನಿಂತು, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬಾಕೆ ಹೇಳತೊಡಗಿದಳು. "ಯಾವ ವ್ಯಾಪ್ತಿ? ಎಲ್ಲಿ ಹೊರಗ? ಸರಿಯಾಗಿ ಹೇಳವ್ವಾ," ಎಂದು ಮಾಮಾ ಆಕೆಯನ್ನು ಬೇಡಿಕೊಂಡ. ನನಗೆ ನಗು ಬರಲಿಲ್ಲ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೇನು? ಎದೆಗೆ ಯಾರು ಹೇಳಬೇಕು? ಬಿಸಿಲು ಅಂಗಳದಿಂದ ಕಟ್ಟೆಗೆ ಬಂತು, ಕಟ್ಟೆಯಿಂದ ಗೋಡೆ ಹತ್ತಿತು. ಮಾಮಾ ಕೂತಲ್ಲಿಯೇ ಬಲಗಾಲು ಒತ್ತುತ್ತಿದ್ದ. ಇಲ್ಲಿಂದಲೇ ಬ್ರೇಕ್ ಹಾಕುತ್ತಿದ್ದ. ಅವ್ವ ಒಲೆಯ ಮುಂದೆ ಕೂತು, ಯಾರಿಗೂ ಬೇಡವಾದ ರೊಟ್ಟಿಗಳನ್ನು ಒಂದರ ಮೇಲೊಂದು ಬಡಿಯುತ್ತಲೇ ಇದ್ದಳು.

ಫೋನು ಬಂದಾಗ ಮಾಮಾ ಅದನ್ನು ನನ್ನ ಕೈಗೆ ತುರುಕಿದ. ನಾನೇ ಹಸಿರು ಗುಂಡಿ ಒತ್ತಿ ಎಲ್ಲರಿಗೂ ಕೇಳುವಂತೆ ಹಿಡಿದೆ.

"ಮಾಮಾ, ಕೆಳಗ ಇಳದ್ನಿ. ಮಾಲೂ ಮುಟ್ಟಿಸಿದ್ನಿ."

"ಯಾಕೋ ತಡಾ?"

"ನಡುವ ಬ್ರೇಕಿನ ವಾಸನಿ ಬಂತು. ಅಗಲ ಜಾಗಾ ನೋಡಿ ಬಾಜೂಕ ಹಾಕಿ, ಗಾಲಿಗೆ ಕಲ್ಲ ಕೊಟ್ಟೆ. ಆರಲಿ ಅಂತ ಮಲಕೊಂಡೆ. ನಿದ್ದಿ ಹತ್ತಿಬಿಡ್ತು. ಅಲ್ಲಿ ರೇಂಜೂ ಇರಲಿಲ್ಲ. ಇಳಿಯುವಾಗ ನೀ ಫೋನ್ ಮಾಡಿದ್ದಿ, ಎತ್ತಲಿಲ್ಲ."

"ಛಲೋ ಮಾಡಿದಿ. ಮಾಲಕ ಏನಂದ?"

"ಭಾಳ ಬೈದ. ನಿನ್ನಷ್ಟ ಛಂದ ಬೈಯಾಕ ಬರೂದಿಲ್ಲ ಅವಂಗ."

ನಾನು ನಕ್ಕೆ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡೆ. ಮಾಮಾ ನಗಲಿಲ್ಲ. "ಉಂಡ ಬಾ ಅನ್ನು," ಎಂದು ನನಗೆ ಹೇಳಿ ಗೋಡೆಗೆ ಒರಗಿದ.

ಅವ್ವ ತಾಟು ತಂದು ಅವನ ಮುಂದಿಟ್ಟಳು. ರೊಟ್ಟಿ, ಪಲ್ಯ, ಮೊಸರು. ಮಾಮಾ ರೊಟ್ಟಿಗೆ ಕೈ ಹಾಕಿದ. ಮುರಿಯಲು ಬರಲಿಲ್ಲ. ಎಂತೆಂಥ ಘಾಟುಗಳಲ್ಲಿ ಸ್ಟೇರಿಂಗ್ ತಿರುಗಿಸಿದ ಕೈ ಗಾಳಿಗೆ ಸಿಕ್ಕ ಎಲೆಯಂತೆ ಅಲುಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಂಡ. ಅವ್ವ ಅದನ್ನು ನೋಡಿದಳು, ಅವನ ಮುಂದೆಯೇ ಕೂತಳು.

"ನೀ ಇಷ್ಟ ಅಂಜಬುರಕ ಅಂತ ನನಗ ಗೊತ್ತಿರಲಿಲ್ಲೋ ತಮ್ಮಾ."

"ನಾ ಹೊಡೀವಾಗ ಅಂಜಿಕಿ ಇರಲಿಲ್ಲ ಅಕ್ಕಾ," ಎಂದ ಮಾಮಾ, ತಲೆ ಎತ್ತದೆ. "ಮನ್ಯಾಗ ಕುಂತ ಕಾಯೂದು ಇಷ್ಟ ತ್ರಾಸಿಂದು ಅಂತ... ನೀ ಒಮ್ಮೆನೂ ಹೇಳಲಿಲ್ಲ ನನಗ."

ಅವ್ವ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು. ರೊಟ್ಟಿ ಮುರಿದು, ಮೊಸರಲ್ಲಿ ಅದ್ದಿ, ಪಲ್ಯ ಹಚ್ಚಿ, ಆ ನಡುಗುವ ಅಂಗೈಯಲ್ಲಿ ಇಟ್ಟು ತನ್ನ ಕೈಯಿಂದ ಮುಚ್ಚಿದಳು. ಅದು ನಡುಗುವುದು ನಿಲ್ಲುವ ತನಕ ಬಿಡಲಿಲ್ಲ.