ಶಾಂತಿಗಾಗಿ ಜಗಳ ತೆಗೆದ ನಮ್ಮ ಸೋದರತ್ತೆ

ಶಾಂತಿಗಾಗಿ ನಮ್ಮ ಸೋದರತ್ತೆ ತೆಗೆದಷ್ಟು ಜಗಳಗಳನ್ನು ಇಡೀ ಬೈಲಹೊಂಗಲದಲ್ಲಿ ಇನ್ನಾರೂ ತೆಗೆದಿರಲಿಕ್ಕಿಲ್ಲ! ಅದೂ ಯಾರ ಶಾಂತಿ ಅಂತೀರಿ? ಇನ್ನೂ ಹುಟ್ಟದ, ಹೆಸರಿಲ್ಲದ, ನನ್ನ ಹೊಟ್ಟೆಯೊಳಗೆ ಗೇಣುದ್ದವೂ ಆಗಿರದ ಒಂದು ಕೂಸಿನ ಶಾಂತಿ.

ಆಗ ನನಗೆ ನಾಲ್ಕು ತಿಂಗಳು. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡನ ಮನೆಯಲ್ಲಿ ಅತ್ತೆಯವರೂ ಇರಲಿಲ್ಲ. ಇದ್ದವರು ಮಾವನವರು ಮತ್ತು ಅವರ ಬೀಡಿ. ಸುದ್ದಿ ಮುಟ್ಟಿದ ಮರುದಿನವೇ ಅಪ್ಪನ ಈ ತಂಗಿ ಮುನವಳ್ಳಿಯಿಂದ ಮೊದಲ ಬಸ್ಸಿಗೆ ಬಂದಿಳಿದರು. ಇಪ್ಪತ್ತೈದು ವರ್ಷ ಅಂಗನವಾಡಿ ನಡೆಸಿ, ಮೊಣಕಾಲು ನೋವೆಂದು ಬಿಟ್ಟವರು. ಕಾಲಿಗಷ್ಟೇ ನೋವು, ಬಾಯಿಗೆ ಏನೂ ಆಗಿರಲಿಲ್ಲ!

ಹೆಣ್ಣಿನ ಕಡೆಯವರು ಬೀಗರ ಮನೆಯಲ್ಲಿ ತಗ್ಗಿ ಬಗ್ಗಿ ಇರಬೇಕೆಂಬುದು ಅವರಿಗೆ ಗೊತ್ತಿತ್ತು. ಆದರೇನು? ಚಹಾ ಮುಗಿಸಿ ಮಾವನವರು ಬೀಡಿ ಹಚ್ಚಿದ್ದೇ ತಡ, ಶುರುವಾಯಿತು.

"ಬೀಗರ, ಯಾರ್‍ಯಾರು ಸೇದಾಕತ್ತೀರಿ ಅದನ್ನ?"

"ನಾ ಒಬ್ಬಾವನ ರಿ ಅಕ್ಕಾರ."

"ಅಲ್ರಿ, ನಿಮ್ಮ ಸೊಸಿನೂ ಸೇದಾಕತ್ತಾಳ, ಒಳಗಿನ ಕೂಸೂ ಸೇದಾಕತ್ತೈತಿ. ಅದರ ಮಿದುಳು ಈಗ ಕಟ್ಟಾಕ ಹತ್ತೈತಿ. ಮನಿ ಕಟ್ಟೂ ಮುಂದ ಸಿಮೆಂಟಿನ್ಯಾಗ ನೀವು ಕಸಾ ಕಲಸ್ತಿದ್ರೇನು?"

ಮಾವನವರು ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ಬೇರೆ ಯಾವ ಮಾತು ಅಂದಿದ್ದರೂ ತಡೆದುಕೊಳ್ಳುತ್ತಿದ್ದರೇನೋ, ಸಿಮೆಂಟಿನ ಮಾತು ಎದೆಗೆ ನಾಟಿತು. ಬೀಡಿ ಮೊದಲು ಅಂಗಳಕ್ಕೆ ಹೋಯಿತು, ಆಮೇಲೆ ಓಣಿಯ ತುದಿಗೆ, ತಿಂಗಳೊಪ್ಪತ್ತಿನಲ್ಲಿ ಸ್ವರ್ಗಕ್ಕೇ ಹೋಯಿತು!

ಮುಂದಿನ ಸರದಿ ನನ್ನ ಗಂಡನದು. ಪಾಪ, ಹುರುಪಿನಿಂದ ಅಟ್ಟದ ಮೇಲಿನ ಅಜ್ಜನ ಕಾಲದ ತೊಟ್ಟಿಲು ಇಳಿಸಿ, ಪಡಸಾಲೆಯಲ್ಲೇ ಕೂತು ಅದರ ಹಳೆಯ ಬಣ್ಣವನ್ನು ಕೆರೆಯತೊಡಗಿದ್ದರು. ಸೋದರತ್ತೆ ಕಿರುಚಿದ ರೀತಿಗೆ ಹಾವು ಬಂತೆಂದು ಅಕ್ಕಪಕ್ಕದವರು ಕೋಲು ಹಿಡಿದು ಬಂದರು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದಂತೆ. ಅದರ ಪುಡಿ ಬಸುರಿಯ ಮೈಗೆ ಸೇರಿದರೆ ಕೂಸಿನ ಬುದ್ಧಿಗೆ ಕೇಡಂತೆ. ತೊಟ್ಟಿಲು ಮನೆ ಬಿಟ್ಟಿತು, ನೆಲವನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಲಾಯಿತು, ಅಳಿಯನನ್ನು ಬಚ್ಚಲಿಗೆ ಅಟ್ಟಲಾಯಿತು. ಮದುವೆಯ ದಿನವೂ ನನ್ನ ಗಂಡ ಅಷ್ಟು ತಿಕ್ಕಿಕೊಂಡು ಸ್ನಾನ ಮಾಡಿರಲಿಲ್ಲ!

ನನ್ನನ್ನು ನೋಡಲು ಬಂದವರು ಕಷ್ಟದ ಹೆರಿಗೆಗಳ ಕಥೆ ತೆಗೆದರೆ ಮುಗಿಯಿತು. "ಆ ಕಥಿ ನನಗ ಹೇಳ್ರಿ, ನನ್ನ ಹೊಟ್ಟಿ ಖಾಲಿ ಐತಿ" ಎಂದು ಅವರನ್ನು ಹಿತ್ತಲಿಗೆ ಕರೆದೊಯ್ದು, ಕಥೆ ಪೂರ್ತಿ ಕೇಳಿ, ಅಲ್ಲಿಂದಲೇ ಬೀಳ್ಕೊಡುತ್ತಿದ್ದರು.

ಇದೆಲ್ಲದರಿಂದ ನನಗೊಂದು ಹೊಸ ಭಯ ಹತ್ತಿತು. ಒಂದು ಮಧ್ಯಾಹ್ನ ಅವ್ವನ ನೆನಪಾಗಿ ಅಳು ಬಂತು. ಅತ್ತರೆ ಕೂಸಿಗೆ ಕೇಡಲ್ಲವೇ ಎಂದು ನೆನೆದು ಇನ್ನಷ್ಟು ಅತ್ತೆ! ಬೈಸಿಕೊಳ್ಳುವುದು ಖಂಡಿತ ಅಂದುಕೊಂಡರೆ ಸೋದರತ್ತೆ ಬಂದು ಬಗಲಲ್ಲಿ ಕೂತರು.

"ಹುಚ್ಚಿ, ಒಂದಿನ ಅತ್ರ ಕೂಸಿಗೆ ಏನೂ ಆಗೂದಿಲ್ಲ. ದಿನಾ ಅಳೂಹಂಗ ಆಗಬಾರದು. ಒಬ್ಬಾಕೀನ ಕುಂತು ಅಳಬಾರದು. ಈಗ ನಾ ನಿನ್ನ ಬಗಲಾಗ ಅದೇನಲ್ಲ, ಅಳು."

ಆದರೆ ನಾನು ನಿಜಕ್ಕೂ ಬೆರಗಾದದ್ದು ಪಕ್ಕದ ಮನೆಯ ಸಂಗತಿಯಲ್ಲಿ. ಅಲ್ಲಿಯವನು ಹಳೆಯ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸವನ್ನು ತನ್ನ ಹಿತ್ತಲಲ್ಲೇ ಕರಗಿಸುತ್ತಿದ್ದ. ಹೊಗೆ ನಮ್ಮ ಕಿಟಕಿಗೇ ಬರುತ್ತಿತ್ತು. ಇವತ್ತು ಓಣಿಯಲ್ಲಿ ಮಹಾಯುದ್ಧವೇ ಎಂದು ನಾವು ಬಾಗಿಲಲ್ಲಿ ನಿಂತೆವು. ಸೋದರತ್ತೆ ಹೋದರು, ಅವನ ಎರಡೂವರೆ ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ಇದಕ್ಕ ಎಷ್ಟ್ ಮಾತು ಬರತಾವಪಾ?"

"ಇನ್ನೂ ಇಲ್ರಿ ಅಕ್ಕಾರ. ಕೆಲವು ಹುಡುಗೂರು ತಡಾ ಮಾತಾಡ್ತಾವ ಅಂತಾರ."

ಅವರು ಆ ಪುಟ್ಟ ಅಂಗೈಯನ್ನು ಬಿಡಿಸಿ ತೋರಿಸಿದರು. ಗೆರೆಗೆರೆಯಲ್ಲೂ ಬೂದುಬಣ್ಣದ ಧೂಳು. "ಇದ ಕೈಲೆ ಉಣತೈತಿ. ನೀ ಕೆಟ್ಟಾವ ಅಲ್ಲ ತಮ್ಮಾ, ನಿನಗ ಯಾರೂ ಹೇಳಿಲ್ಲ. ಈಗ ನಾ ಹೇಳೇನಿ. ನಡಿ, ಡಾಕ್ಟರ ಕಡೆ ಹೋಗೂಣು."

ಮಗುವಿನ ರಕ್ತವನ್ನು ಬೆಳಗಾವಿಗೆ ಕಳಿಸಿದರು. ಅದರಲ್ಲಿ ಸೀಸ ಇತ್ತು. ಆ ಮನುಷ್ಯ ಕಾಗದ ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟ. ಒಡೆಯುವುದು, ಕರಗಿಸುವುದು ಅವತ್ತಿಗೇ ನಿಂತಿತು. ಹಳೆಯ ಬ್ಯಾಟರಿಗಳನ್ನು ಇಡಿಯಾಗಿಯೇ ಮಾರತೊಡಗಿದ. ಅವನು ಬೇಡವೆಂದರೂ ಕೇಳದೆ ಮಾವನವರು ಆ ಹಿತ್ತಲಿನ ಮೇಲ್ಮಣ್ಣು ತೆಗೆಸಿ, ಕರಣೆ ಹಿಡಿದು ಕಾಂಕ್ರೀಟು ಹಾಕಿದರು. ಸೋದರತ್ತೆಯೋ ದಿನವೂ ಆ ಮಗುವಿನ ಮುಂದೆ ಕೂತು ಕಾಗೆ, ಬೆಕ್ಕು, ಚಂಬು ಎಂದು ಹೇಳಿದ್ದೇ ಹೇಳಿದ್ದು. ನನಗೆ ಒಂಬತ್ತು ತುಂಬುವ ಹೊತ್ತಿಗೆ ಅದು ಗೋಡೆಯಾಚೆಯಿಂದ "ಬೆಕ್ಕ!" ಎಂದು ಕೂಗಿತು. ಕೂಗಿದ್ದು ನನ್ನ ಗಂಡನನ್ನು ನೋಡಿ! ಆದರೂ ಓಣಿಯೆಲ್ಲ ಸಕ್ಕರೆ ಹಂಚಿದೆವು. ಪೂರ್ತಿ ಸರಿಹೋಗುತ್ತದೆಂದು ಡಾಕ್ಟರು ಹೇಳಲಿಲ್ಲ. ಮಾತಾಡಿಸುತ್ತಲೇ ಇರಿ ಅಂದರು.

ನನಗೆ ಹೆಣ್ಣುಮಗು ಹುಟ್ಟಿತು. ತಿಂಗಳ ಕೂಸನ್ನು ಒಂದು ಬೆಳಿಗ್ಗೆ ಸೋದರತ್ತೆ ಕಾಲ ಮೇಲೆ ಹಾಕಿಕೊಂಡು ನೀರು ಎರೆಯುತ್ತಿದ್ದರು. ನೋಡುತ್ತ ನೋಡುತ್ತ ನಾನಂದೆ, "ಅತ್ತಿ, ಅವ್ವ ಇದ್ದಿದ್ರೂ ಇಷ್ಟು ಮಾಡ್ತಿದ್ದಿಲ್ಲೇನೋ."

ನೀರು ಎರೆಯುವ ಕೈ ನಿಂತಿತು.

"ಹಂಗನಬ್ಯಾಡವಾ. ನಿಮ್ಮವ್ವ ನಿನ್ನ ಹೊತ್ತಾಗ ಆ ಮನಿಯಾಗ ನಾ ಇನ್ನೂ ಮದುವ್ಯಾಗದ ನಾದಿನಿ. ದಿನಾ ಆಕೀನ ಅಳಸ್ತಿದ್ದೆ. ಆಕಿ ಅಡಗಿ ಚಲೋ ಇಲ್ಲಂತ ಹೆಸರಿಟ್ಟೆ, ತವರಿಗೆ ಹೆಸರಿಟ್ಟೆ. ಹೊಗಿಯೊಳಗ ಆಕಿ ಒಬ್ಬಾಕೀನ ರೊಟ್ಟಿ ಬಡಿಯೂದು, ನಾ ಕಟ್ಟಿ ಮ್ಯಾಲ ಕುಂದ್ರೂದು. ಮುಂದ ಅಂಗನವಾಡಿ ತರಬೇತ್ಯಾಗ ಹೇಳಿದ್ರು, ಬಸರ ಹೆಂಗಸಿಗೆ ದಿನಾ ಸಂಕಟ ಕೊಟ್ರ ಒಳಗಿನ ಕೂಸಿನ ಮಿದುಳಿಗೂ ತಾಗಬಹುದು ಅಂತ. ಎಲ್ಲಾರೂ ಬರಕೊಂಡ್ರು. ನಾ ಪೆನ್ನು ಕೆಳಗಿಟ್ಟು ನಿನ್ನ ನೆನಿಸಿದೆ. ಆವಾಗ ನಿನಗ ಮೂರು ವರ್ಷ. ಅಲ್ಲಿಂದ ನೀ ಒಂದೊಂದ ಪದ ಕಲಿತಾಗೂ, ಒಂದೊಂದ ಪರೀಕ್ಷಾ ಪಾಸಾದಾಗೂ ನಾ ಉಸಿರು ಬಿಟ್ಟೇನಿ. ನಿಮ್ಮವ್ವನ ಕಡೆ ತಪ್ಪಾತು ಅನಬೇಕು, ಅನಬೇಕು ಅಂತಿದ್ದೆ. ಆಕೀನ ಹೋಗಿಬಿಟ್ಟಳು."

"ಅತ್ತಿ, ನಾ ಚಲೋ ಅದೇನಿ" ಅಂದೆ.

ಓಣಿಯನ್ನೇ ನಡುಗಿಸಿದ ಆ ಹೆಂಗಸು ನನ್ನ ಮುಖವನ್ನೇ ನೋಡುತ್ತ ಸಣ್ಣ ದನಿಯಲ್ಲಿ ಕೇಳಿದರು, "ಖರೇನ?"

"ಖರೇ, ಅತ್ತಿ."

ನಾನು ಮಗುವನ್ನು ಅವರ ಕಾಲ ಮೇಲಿಂದ ಎತ್ತಿಕೊಂಡೆ. ಕಣ್ಣೊರೆಸಿಕೊಳ್ಳಲು ಅವರಿಗೆ ಎರಡೂ ಕೈ ಬೇಕಾಗಿದ್ದವು.